ಕ್ಯಾಮೆರಾ ಹಿಡಿದು ಮಸಾಯಿ ಮಾರಾದಲ್ಲಿ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಚಿತ್ರಪ್ರದರ್ಶನದೊಂದಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಸಾಮಾನ್ಯವಾಗಿ ಈ ವೇದಿಕೆಯಿಂದ ಉನ್ನತ ಶಿಕ್ಷಣ, ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆ ಮುಂತಾದ ವಿಷಯಗಳ ಬಗ್ಗೆ ಮಾತುಗಳು ಕೇಳಿಬರುತ್ತವೆ. ಈ ಸಲ ಕಾರ್ಯದರ್ಶಿಗಳು ಫೋನ್ ಮಾಡಿ, ‘ಮಕ್ಕಳಿಗೆ ಒಂದು ಗಂಟೆ ಆಫ್ರಿಕದ ಸಿಂಹ, ಚಿರತೆ ತೋರಿಸಿಬಿಡಿ’ ಎಂದರು. ಸಂತೋಷದಿಂದ ಒಪ್ಪಿಕೊಂಡೆ. ಆದರೆ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಸ್ವಲ್ಪ ಮುಜುಗರವಾಯಿತು. ಅದರ ಮುಖಪುಟದಲ್ಲಿ ನಾನು ತೆಗೆದ ಒಂದು ಚೀತಾದ ಚಿತ್ರವಿದೆ. ಅದು ನೇರವಾಗಿ ನಮ್ಮ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದೆ. ಚಿತ್ರ ಬಹಳ ಚೆನ್ನಾಗಿದೆ ಎಂದು ಈಗ ಬಾಗಿಲಲ್ಲೇ ನಾಲ್ಕೈದು ಮಂದಿ ಹೇಳಿದರು. ಆ ಚಿತ್ರದ ಹಿಂದೆ ಒಂದು ಕಥೆಯಿದೆ. ಅದು ನಾನು ಹೆಮ್ಮೆಪಡುವ ಕಥೆಯಲ್ಲ. ಈ ದಿನ ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಆ ನಾಡಿನ ಪರಿಚಯ ಮಾಡಿಕೊಳ್ಳೋಣ.

ಸಫರ್‌ನಿಂದ ಸಫಾರಿ

ಸಫಾರಿ ಎಂದ ಕೂಡಲೇ ನಮಗೆ ಒಂದೇ ಬಣ್ಣದ ಅಂಗಿ-ಪ್ಯಾಂಟಿನ ಸೂಟು ನೆನಪಾಗುತ್ತದೆ, ಇಲ್ಲವೇ ಬನ್ನೇರುಘಟ್ಟದ ಜಾಲರಿ ಹಾಕಿದ ಬಸ್ಸು. ವಾಸ್ತವವಾಗಿ ಇದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಪದ. ಪ್ರಯಾಣ ಎಂದು ಅದರ ಅರ್ಥ. ಮೂಲ ಅರಬಿಯ ‘ಸಫರ್’. ಸಫರ್‌ನಲ್ಲಿರುವವರು ನಮಾಜನ್ನು ಕಸ್ರ್ ಮಾಡಬಹುದು ಎಂದು ಮದ್ರಸದಲ್ಲಿ ಕಲಿತಿದ್ದೇವಲ್ಲ, ಅದೇ ಸಫರ್. ಅರಬ್ ವ್ಯಾಪಾರಿಗಳು ನೂರಾರು ವರ್ಷಗಳ ಕಾಲ ಮೊಂಬಾಸಾ, ಜಂಜಿಬಾರ್ ಕರಾವಳಿಗೆ ಹಡಗಿನಲ್ಲಿ ಹೋಗಿಬಂದುದರ ಫಲವಾಗಿ ಆ ಭಾಷೆಯಲ್ಲಿ ಅರಬಿ ಪದಗಳು ಧಾರಾಳವಾಗಿ ಸೇರಿಕೊಂಡಿವೆ. ಸ್ವಾಹಿಲಿ ಎಂಬ ಹೆಸರೇ ಕರಾವಳಿ ಎಂಬ ಅರ್ಥದ ‘ಸಾಹಿಲ್’ನಿಂದ ಬಂದದ್ದು. ಅಲ್ಲಿ ಸುದ್ದಿಗೆ ‘ಹಬಾರಿ’, ಪುಸ್ತಕಕ್ಕೆ ‘ಕಿತಾಬು’, ಸಮಯಕ್ಕೆ ‘ವಕಾತಿ’. ಸಿಂಹಕ್ಕೆ ಮಾತ್ರ ‘ಸಿಂಬಾ’. ಕೇಳುವುದಕ್ಕೆ ನಮ್ಮ ಸಿಂಹದ ಹಾಗೆಯೇ ಇದ್ದರೂ ಅದು ಅಲ್ಲಿಯದೇ ಆದ ಬಂಟು ಮೂಲದ ಪದ.

ನೂರು ವರ್ಷಗಳ ಹಿಂದೆ ಸಫಾರಿ ಎಂದರೆ ಬೇಟೆಯ ಪ್ರಯಾಣವಾಗಿತ್ತು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಮೊಂಬಾಸಾದಲ್ಲಿ ಇಳಿದು, ಮಗನೊಂದಿಗೆ ಸುಮಾರು ಒಂದು ವರ್ಷ ಆಫ್ರಿಕದಲ್ಲಿ ತಿರುಗಿದರು. ತಂದೆ ಮಗ ಇಬ್ಬರೇ 512 ಪ್ರಾಣಿಗಳನ್ನು ಹೊಡೆದರು. ಇಂದು ಪ್ರವಾಸಿಗರೆಲ್ಲ ಹೇಳುವ ‘ಬಿಗ್ ಫೈವ್’ ಎಂಬ ಮಾತೂ ಬೇಟೆಗಾರರದೇ. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಈ ಐದು, ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತ್ಯಂತ ಅಪಾಯಕಾರಿಯಾದವು. ಕೀನ್ಯಾ ಸರಕಾರ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಕೋವಿ ಹೋಗಿ ಕ್ಯಾಮೆರಾ ಬಂತು. ಆದರೆ ಒಂದು ವಿಚಿತ್ರ ನೋಡಿ, ಶಬ್ದ ಬದಲಾಗಲಿಲ್ಲ. ಇಂದಿಗೂ ನಾವು ಚಿತ್ರವನ್ನು ‘ಶೂಟ್’ ಮಾಡುತ್ತೇವೆ. ಮನಸ್ಸು ಎಷ್ಟು ಬದಲಾಗಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ಮಾರಾ ಎಂಬ ಚುಕ್ಕಿ ನಾಡು

ನಾನು ಮೊದಲು ಹೋದದ್ದು 2017ರ ಆಗಸ್ಟ್‌ನಲ್ಲಿ. ಮುಂಬಯಿಯಿಂದ ನೈರೋಬಿಗೆ ಸುಮಾರು ಆರು ಗಂಟೆಯ ವಿಮಾನ. ಅಲ್ಲಿಂದ ರಿಫ್ಟ್ ಕಣಿವೆಯನ್ನು ಇಳಿದು ನಾರೋಕ್ ಪಟ್ಟಣದ ಮೂಲಕ ಐದಾರು ಗಂಟೆ ರಸ್ತೆ ಪ್ರಯಾಣ. ಹೋಗಬಯಸುವವರಿಗೆ ಒಂದು ಸೂಚನೆ: ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವಿಲ್ಲದೆ ಮರಳಿ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುತ್ತದೆ. ಹಲಾಲ್ ಊಟದ ಚಿಂತೆ ಬೇಡ. ಕೀನ್ಯಾದಲ್ಲಿ ಮುಸ್ಲಿಮರ ಸಂಖ್ಯೆ ಸಾಕಷ್ಟಿದೆ, ಕೇಳಿದರೆ ವ್ಯವಸ್ಥೆ ಮಾಡುತ್ತಾರೆ.

ಮಸಾಯಿ ಮಾರಾ ರಕ್ಷಿತಾರಣ್ಯದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್. ದಕ್ಷಿಣಕ್ಕೆ ತಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ, ಅದು 14,763 ಚದರ ಕಿಲೋಮೀಟರ್. ಎರಡು ದೇಶಗಳ ನಡುವೆ ಬೇಲಿಯಿಲ್ಲ. ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಜೀಬ್ರಾಗಳು ಮಳೆ ಮತ್ತು ಹುಲ್ಲನ್ನು ಹಿಂಬಾಲಿಸಿ ವರ್ಷವಿಡೀ ಸುತ್ತುತ್ತವೆ. ಸುಮಾರು ಜುಲೈಯಿಂದ ಅಕ್ಟೋಬರ್ ತನಕ ಅವು ಮಾರಾದಲ್ಲಿ ಇರುತ್ತವೆ. ಮಸಾಯಿ ಜನರ ಮಾ ಭಾಷೆಯಲ್ಲಿ ಮಾರಾ ಎಂದರೆ ಚುಕ್ಕಿಚುಕ್ಕಿಯಾದದ್ದು. ಎತ್ತರದಿಂದ ನೋಡಿದರೆ ಹಳದಿ ಹುಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ಮರ, ಮೋಡದ ನೆರಳು, ಪ್ರಾಣಿಗಳು. ಹೆಸರು ಸರಿಯಾಗಿಯೇ ಇದೆ.

ಆಫ್ರಿಕ ಎಂದರೆ ಸುಡುಬಿಸಿಲು ಎಂದು ಭಾವಿಸಿ ನಾನು ಸ್ವೆಟರ್ ಒಯ್ದಿರಲಿಲ್ಲ. ಮಾರಾ ಸಮುದ್ರ ಮಟ್ಟದಿಂದ ಸಾವಿರದ ಐನೂರು ಮೀಟರ್‌ಗಿಂತ ಎತ್ತರದಲ್ಲಿದೆ. ಬೆಳಗಿನ ಜಾವ ವುಜೂ ಮಾಡುವಾಗ ನೀರು ಮಂಜುಗಡ್ಡೆಯಂತಿರುತ್ತದೆ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ವರ್ಷವಿಡೀ ಸೂರ್ಯ ಸುಮಾರು ಆರೂವರೆಗೆ ಹುಟ್ಟಿ ಆರೂವರೆಗೇ ಮುಳುಗುತ್ತಾನೆ. ಮೊದಲ ದಿನ ಡೇರೆಯೊಳಗೆ ಫಜ್ರ್ ನಮಾಜು ಮುಗಿಸಿ ಸಲಾಂ ಹೇಳುತ್ತಿದ್ದಂತೆ ದೂರದಲ್ಲಿ ಸಿಂಹದ ಗರ್ಜನೆ ಕೇಳಿಸಿತು. ನಾವು ಸಿನಿಮಾದಲ್ಲಿ ಕೇಳುವ ಒಂದೇ ಅಬ್ಬರವಲ್ಲ ಅದು. ಎದೆಯ ಆಳದಿಂದ ಎಳೆದೆಳೆದು ಬಿಡುವ, ಕೊನೆಗೆ ಏದುಸಿರಿನ ಹಾಗೆ ಇಳಿಯುವ ಸದ್ದು. ನಿಶ್ಶಬ್ದ ವಾತಾವರಣದಲ್ಲಿ ಎಂಟು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದಂತೆ. ನಾನು ಸ್ವಲ್ಪ ಹೊತ್ತು ಜಾನಮಾಜಿನ ಮೇಲಿಂದ ಏಳಲಿಲ್ಲ.

ಮೂರು ದೊಡ್ಡ ಬೆಕ್ಕುಗಳು

ಮಾರಾದಲ್ಲಿ ನಾವು ನೋಡುವ ದೊಡ್ಡ ಬೆಕ್ಕುಗಳು ಮೂರು. ಸಿಂಹ, ಚಿರತೆ, ಚೀತಾ. ಹುಲಿ ಆಫ್ರಿಕದಲ್ಲಿ ಇಲ್ಲ. ಪ್ರತಿ ಶಾಲೆಯಲ್ಲೂ ಈ ಪ್ರಶ್ನೆ ಬರುತ್ತದೆ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಸಿಂಹದ ಚಿತ್ರ ತೆಗೆಯುವುದು ಬಹಳ ಸುಲಭ, ಬಹಳ ಕಷ್ಟ. ಸುಲಭ ಏಕೆಂದರೆ ಅದು ವಾಹನಕ್ಕೆ ಹೆದರುವುದಿಲ್ಲ. ಕಷ್ಟ ಏಕೆಂದರೆ ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ಅದು ಬಿದ್ದುಕೊಂಡೇ ಇರುತ್ತದೆ. ನನ್ನ ಬಳಿ ಮಲಗಿದ ಸಿಂಹದ ಇನ್ನೂರಕ್ಕೂ ಹೆಚ್ಚು ಚಿತ್ರಗಳಿವೆ, ಯಾವುದನ್ನೂ ಯಾರಿಗೂ ತೋರಿಸುವಂತಿಲ್ಲ. ಸಂಜೆಯ ವೇಳೆಗೆ ಅದು ಮತ್ತೆ ಮತ್ತೆ ಆಕಳಿಸತೊಡಗಿದರೆ ಏಳುವ ಸಮಯವಾಯಿತು ಎಂದು ತಿಳಿಯಬೇಕು. ಪರದೆಯ ಮೇಲೆ ನೀವು ನೋಡುತ್ತಿರುವ, ಬಾಯ್ತೆರೆದು ಗರ್ಜಿಸುವ ಸಿಂಹ ನಿಜವಾಗಿ ಆಕಳಿಸುತ್ತಿದೆ. ಪತ್ರಿಕೆಗಳಲ್ಲಿ ಕಾಣುವ ಎಷ್ಟೋ ‘ಗರ್ಜನೆ’ಗಳ ಗುಟ್ಟು ಇಷ್ಟೇ.

ಚಿರತೆ ಸಂಕೋಚದ ಪ್ರಾಣಿ. ನದಿಯ ಬದಿಯ ದೊಡ್ಡ ಮರಗಳಲ್ಲಿ ಹುಡುಕಬೇಕು. ಕೊಂಬೆಗಳ ನಡುವೆ ದೇಹ ಕಾಣುವುದಿಲ್ಲ, ಕೆಳಗೆ ಜೋತುಬಿದ್ದ ಬಾಲ ಕಾಣುತ್ತದೆ. ಸಿಂಹ ಮತ್ತು ಕತ್ತೆಕಿರುಬಗಳು ಕಸಿದುಕೊಳ್ಳಬಾರದೆಂದು ಬೇಟೆಯನ್ನು ಕಚ್ಚಿಕೊಂಡು ಮರ ಹತ್ತಿಬಿಡುತ್ತದೆ. ಕಬಿನಿಯಲ್ಲಿ ಚಿರತೆ ನೋಡಿದವರಿಗೆ ಅದೇ ಪ್ರಾಣಿ ಇದು ಎಂದು ಗುರುತು ಸಿಗುತ್ತದೆ.

ಚೀತಾ ಬೇರೆಯೇ. ಕನ್ನಡದಲ್ಲಿ ಹಿಂದೆ ಸಿವಂಗಿ ಎನ್ನುತ್ತಿದ್ದರು, ಈಗ ಅನೇಕರು ಚಿರತೆಯೊಂದಿಗೆ ಬೆರೆಸಿಬಿಡುತ್ತಾರೆ. ಚಿರತೆಯ ಮೈಮೇಲಿರುವುದು ಗುಲಾಬಿಯಾಕಾರದ ಪೊಳ್ಳು ಮಚ್ಚೆ. ಚೀತಾದ್ದು ತುಂಬಿದ ಕಪ್ಪು ಚುಕ್ಕೆ, ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಕಣ್ಣೀರು ಹರಿದಂತೆ ಕಪ್ಪು ಗೆರೆ. ಅದು ಗರ್ಜಿಸುವುದಿಲ್ಲ, ಮರಿಗಳನ್ನು ಹಕ್ಕಿಯ ಚಿಲಿಪಿಲಿಯಂಥ ಸ್ವರದಲ್ಲಿ ಕರೆಯುತ್ತದೆ. ನೆಲದ ಮೇಲೆ ಅದರಷ್ಟು ವೇಗವಾಗಿ ಓಡುವ ಪ್ರಾಣಿ ಇನ್ನೊಂದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ಸಮೀಪದ ವೇಗ. ಆದರೆ ಕೆಲವು ನೂರು ಮೀಟರ್ ಮಾತ್ರ, ಆಮೇಲೆ ಏದುಸಿರು. ಆಗ ಬೇಟೆ ತಪ್ಪಿದರೆ ತಪ್ಪಿತು.

ಈ ಪ್ರಾಣಿಗೂ ನಮ್ಮ ಇತಿಹಾಸಕ್ಕೂ ಸಂಬಂಧವಿದೆ. ಮೊಗಲ್ ಚಕ್ರವರ್ತಿ ಅಕ್ಬರ್ ಬೇಟೆಗಾಗಿ ಸಾವಿರದಷ್ಟು ಚೀತಾಗಳನ್ನು ಸಾಕಿದ್ದನೆಂದು ಅವನ ಮಗ ಜಹಾಂಗೀರ್ ಬರೆದಿದ್ದಾನೆ. ಅಷ್ಟೊಂದು ಚೀತಾಗಳಿದ್ದರೂ ಬಂಧನದಲ್ಲಿ ಅವು ಮರಿಹಾಕುತ್ತಿರಲಿಲ್ಲ. ತನ್ನ ಕಾಲದಲ್ಲಿ ಒಂದು ಸಲ ಮಾತ್ರ ಮೂರು ಮರಿಗಳಾದುದನ್ನು ಜಹಾಂಗೀರ್ ಅಚ್ಚರಿಯಿಂದ ದಾಖಲಿಸಿದ್ದಾನೆ. ನಮ್ಮ ಟಿಪ್ಪು ಸುಲ್ತಾನನ ಬಳಿಯೂ ಬೇಟೆಯ ಚೀತಾಗಳಿದ್ದವು. ಹಿಡಿದು ತಂದವು ಮರಿಹಾಕದೆ ಸಾಯುತ್ತಿದ್ದವು, ಮತ್ತೆ ಕಾಡಿನಿಂದ ಹಿಡಿದು ತರುತ್ತಿದ್ದರು. ಹುಲ್ಲುಗಾವಲೂ ಕರಗಿತು. 1947ರಲ್ಲಿ ಈಗಿನ ಛತ್ತೀಸಗಢದಲ್ಲಿ ಒಬ್ಬ ರಾಜ ಹೊಡೆದ ಮೂರು ಚೀತಾಗಳೇ ಭಾರತದ ಕೊನೆಯ ದಾಖಲೆಗಳಲ್ಲಿ ಒಂದು. 1952ರಲ್ಲಿ ಅದು ದೇಶದಿಂದ ಅಳಿದುಹೋಯಿತೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಹನ್ನೆರಡು ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ವಿಮಾನದಲ್ಲಿ ತಂದದ್ದು ನಿಮಗೆ ಗೊತ್ತೇ ಇದೆ. 2016ರ ಒಂದು ಅಂದಾಜಿನಂತೆ ಇಡೀ ಜಗತ್ತಿನ ಕಾಡುಗಳಲ್ಲಿ ಉಳಿದಿದ್ದ ಚೀತಾಗಳು ಸುಮಾರು 7,100. ನಮ್ಮ ಒಂದು ದೊಡ್ಡ ಗ್ರಾಮದ ಜನಸಂಖ್ಯೆಯಷ್ಟು.

ಬೆಳಕಿನ ಪಾಠ

ಕ್ಯಾಮೆರಾದ ಬಗ್ಗೆ ವಿದ್ಯಾರ್ಥಿಗಳಿಗೆ ಕುತೂಹಲವಿರುವುದರಿಂದ ಸ್ವಲ್ಪ ಹೇಳುತ್ತೇನೆ. ಕ್ಯಾಮೆರಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೋಣೆ. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಬೆಳಕು ಒಳಬಂದು ಎದುರಿನ ಗೋಡೆಯ ಮೇಲೆ ತಲೆಕೆಳಗಾದ ಬಿಂಬ ಮೂಡಿಸುವುದನ್ನು ಒಂದು ಸಾವಿರ ವರ್ಷಗಳ ಹಿಂದೆ ಪ್ರಯೋಗ ಮಾಡಿ ಪರಿಶೀಲಿಸಿದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್. ಕಣ್ಣಿನಿಂದ ಕಿರಣ ಹೊರಟುಹೋಗಿ ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಅವರಿಗೆ ಮೊದಲು ಅನೇಕ ಪಂಡಿತರು ನಂಬಿದ್ದರು. ಅದು ಹಾಗಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಅವರು ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ ತೋರಿಸಿಕೊಟ್ಟರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸಫಾರಿಯಲ್ಲಿ ಒಳ್ಳೆಯ ಬೆಳಕು ಸಿಗುವುದು ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ. ಮಧ್ಯಾಹ್ನ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ದೂರದ ಚಿತ್ರ ಕದಡಿ ಹೋಗುತ್ತದೆ, ಎಷ್ಟು ಬೆಲೆಯ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ಓಡುವ ಚೀತಾಕ್ಕೆ ಸೆಕೆಂಡಿನ ಎರಡು ಸಾವಿರದ ಒಂದು ಭಾಗದ ಶಟರ್ ವೇಗ ಬೇಕು, ನಿಂತ ಸಿಂಹಕ್ಕೆ ಐನೂರರ ಒಂದು ಭಾಗ ಸಾಕು. ಪ್ರಾಣಿಯ ಕಣ್ಣು ಸ್ಪಷ್ಟವಾಗಿರಬೇಕು, ಉಳಿದದ್ದು ಸ್ವಲ್ಪ ಮಸುಕಾದರೂ ನಡೆಯುತ್ತದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿಕೊಳ್ಳುತ್ತವೆ. ವಾಹನದಲ್ಲಿ ಟ್ರೈಪಾಡ್ ಇಡಲು ಜಾಗವಿರುವುದಿಲ್ಲ. ಗಟ್ಟಿ ಬಟ್ಟೆಯ ಖಾಲಿ ಚೀಲವೊಂದನ್ನು ಇಲ್ಲಿಂದ ಹೊಲಿಸಿಕೊಂಡು ಹೋಗಿ, ನೈರೋಬಿಯಲ್ಲಿ ಎರಡು ಕಿಲೋ ಬೀನ್ಸ್ ಕಾಳು ಕೊಂಡು ತುಂಬಿಸಿ, ಕಿಟಕಿಯ ಮೇಲಿಟ್ಟು ಲೆನ್ಸನ್ನು ಅದರ ಮೇಲೆ ಊರಬೇಕು. ಹಿಂದಿರುಗುವಾಗ ಕಾಳನ್ನು ಚಾಲಕನ ಮನೆಗೆ ಕೊಟ್ಟು ಬರಬಹುದು. ವಾಹನದ ಎಂಜಿನ್ ಬಂದ್ ಮಾಡಿಸಬೇಕು, ಇಲ್ಲದಿದ್ದರೆ ಅದರ ಕಂಪನ ಚಿತ್ರದಲ್ಲಿ ಕಾಣುತ್ತದೆ. ಇವೆಲ್ಲ ಒಂದು ವಾರದಲ್ಲಿ ಯಾರಿಗೂ ಬರುವ ವಿದ್ಯೆ. ನನಗೆ ಬಾರದೆ ಇದ್ದದ್ದು ಬೇರೆ.

ಮುಖಪುಟದ ಚಿತ್ರದ ಕಥೆ

ನಮ್ಮ ಚಾಲಕ ಮೊಂಬಾಸಾ ಕಡೆಯ ಮುಸ್ಲಿಂ. ಐವತ್ತು ದಾಟಿದ, ಮೆದು ಮಾತಿನ ಮನುಷ್ಯ. ನಾನು ದಿನಕ್ಕೆ ಹತ್ತು ಸಲ ‘ಬೇಗ, ಬೇಗ’ ಎನ್ನುತ್ತಿದ್ದೆ. ಅವರು ನಕ್ಕು ಸ್ವಾಹಿಲಿಯ ಒಂದು ಗಾದೆ ಹೇಳುತ್ತಿದ್ದರು: ‘ಹರಕಾ ಹರಕಾ ಹೈನಾ ಬರಕಾ.’ ಅವಸರಕ್ಕೆ ಬರಕತ್ ಇಲ್ಲ ಎಂದು ಅರ್ಥ. ಬರಕಾ ಎಂದರೇನು ಎಂದು ನನಗೆ ಅವರು ವಿವರಿಸಬೇಕಾಗಿರಲಿಲ್ಲ. ಆದರೂ ಅದು ನನ್ನ ಕಿವಿಯಿಂದ ಒಳಗೆ ಇಳಿಯಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಒಂದು ಹುತ್ತದ ಮೇಲೆ ತಾಯಿ ಚೀತಾ ಕುಳಿತದ್ದನ್ನು ಅವರೇ ಮೊದಲು ಕಂಡರು. ಹುತ್ತದ ಬುಡದಲ್ಲಿ ಮೂರು ಮರಿಗಳು. ಬೆನ್ನ ಮೇಲೆ ಬೂದು ಬಣ್ಣದ ನವಿರು ಕೂದಲು ಇನ್ನೂ ಇತ್ತು, ಅಂದರೆ ಎರಡು ಮೂರು ತಿಂಗಳ ಮರಿಗಳು. ತಾಯಿಯ ಹೊಟ್ಟೆ ಬೆನ್ನಿಗೆ ಅಂಟಿಕೊಂಡಂತಿತ್ತು. ಚಾಲಕರು ಹೇಳಿದರು, ‘ನಿನ್ನೆ ಇದಕ್ಕೆ ಊಟ ಸಿಕ್ಕಿಲ್ಲ. ಇವತ್ತು ಬೇಟೆಯಾಡಲೇಬೇಕು.’ ಸುಮಾರು ಇನ್ನೂರು ಮೀಟರ್ ಆಚೆ ಥಾಮ್ಸನ್ ಗೆಜೆಲ್ ಎಂಬ ಸಣ್ಣ ಜಿಂಕೆಗಳ ಹಿಂಡು ಮೇಯುತ್ತಿತ್ತು. ತಾಯಿ ಹುತ್ತದಿಂದ ಇಳಿದು, ಹುಲ್ಲಿನಲ್ಲಿ ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ಇಡತೊಡಗಿತು. ಮರಿಗಳು ಕುಳಿತಲ್ಲೇ ಕುಳಿತವು.

ನಾವಿದ್ದ ಜಾಗದಿಂದ ನನಗೆ ಕಾಣುತ್ತಿದ್ದುದು ಅದರ ಬೆನ್ನು ಮಾತ್ರ. ಬೆನ್ನಿನ ಚಿತ್ರ ಯಾರಿಗೆ ಬೇಕು? ‘ಮುಂದೆ ಹೋಗಿ ತಿರುಗಿಸಿ, ಎದುರಿನಿಂದ ತೆಗೆಯಬೇಕು’ ಎಂದೆ. ಅವರು ತಲೆಯಾಡಿಸಿದರು. ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು, ಬೇಟೆಯ ನಡುವೆ ಹೋಗಬಾರದು, ಸ್ವಲ್ಪ ಕಾಯಿರಿ ಎಂದರು. ಮತ್ತೆ ಅದೇ ಗಾದೆ. ನಾನು ಕಾಯಲಿಲ್ಲ. ಇಷ್ಟು ಹಣ ಖರ್ಚುಮಾಡಿ ಇಷ್ಟು ದೂರ ಬಂದಿದ್ದೇನೆ ಎಂದೆ. ಆಮೇಲೆ ಜೇಬಿನಿಂದ ನೋಟು ತೆಗೆದು ತೋರಿಸಿದೆ. ಈಗ ಹೇಳುವಾಗಲೂ ನಾಚಿಕೆಯಾಗುತ್ತದೆ. ಅವರ ಮನೆಯಲ್ಲಿ ಶಾಲೆಗೆ ಹೋಗುವ ನಾಲ್ಕು ಮಕ್ಕಳಿದ್ದಾರೆಂದು ಹಿಂದಿನ ರಾತ್ರಿಯಷ್ಟೇ ಅವರು ನನಗೆ ಹೇಳಿದ್ದರು.

ಅವರು ಒಂದು ಮಾತನ್ನೂ ಆಡದೆ ಗಾಡಿಯನ್ನು ಹುಲ್ಲಿಗೆ ಇಳಿಸಿದರು. ನಮ್ಮನ್ನು ನೋಡಿ ಮತ್ತೊಂದು ವಾಹನ ಇಳಿಯಿತು, ಅದರ ಹಿಂದೆ ಇನ್ನೆರಡು. ಹತ್ತು ನಿಮಿಷದಲ್ಲಿ ನಾನು ಎಣಿಸಿದಾಗ ಹದಿನಾಲ್ಕು ವಾಹನಗಳಿದ್ದವು. ಗೆಜೆಲ್‌ಗಳು ತಲೆಯೆತ್ತಿ, ಬಾಲ ಬಡಿದು, ಓಡಿಹೋದವು. ಚೀತಾ ಎದ್ದು ನಿಂತಿತು. ಸುತ್ತಲೂ ನೋಡಿತು. ಆಮೇಲೆ ತಿರುಗಿ, ಇಪ್ಪತ್ತು ಮೀಟರ್ ದೂರದಲ್ಲಿದ್ದ ನನ್ನ ಲೆನ್ಸನ್ನೇ ನೋಡಿತು. ಬೆಳಕು ಚೆನ್ನಾಗಿತ್ತು. ನಾನು ಕ್ಲಿಕ್ ಮಾಡಿದೆ.

ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯ ಚಿತ್ರ ಅದೇ.

ತಾಯಿ ಮರಿಗಳನ್ನು ಕರೆದುಕೊಂಡು ಬಿಸಿಲೇರುತ್ತಿದ್ದ ಬಯಲಿನಲ್ಲಿ ನಡೆದುಹೋಯಿತು. ಕೊನೆಯ ಮರಿ ಎರಡು ಸಲ ಕುಳಿತು ಮತ್ತೆ ಎದ್ದು ಓಡಿತು. ಆ ದಿನ ಅವುಗಳಿಗೆ ಊಟ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಊರಿಗೆ ಬಂದ ಮೇಲೆ ಆ ಚಿತ್ರಕ್ಕೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂತು. ‘ಕಣ್ಣಿನಲ್ಲಿ ಎಂಥ ಗಾಂಭೀರ್ಯ’ ಎಂದು ತೀರ್ಪುಗಾರರು ಹೊಗಳಿದರು. ಮನೆಯ ಹಜಾರದಲ್ಲಿ ದೊಡ್ಡದಾಗಿ ಕಟ್ಟುಹಾಕಿಸಿ ತೂಗುಹಾಕಿದೆ. ಒಂದು ದಿನ ನನ್ನ ಕಿರಿಯ ಮಗಳು ಅದನ್ನು ನೋಡುತ್ತಾ, ‘ಅಬ್ಬಾ, ಅದು ಯಾಕೆ ಅಷ್ಟು ಬೇಜಾರಿನಲ್ಲಿದೆ?’ ಎಂದು ಕೇಳಿದಳು. ಗಾಂಭೀರ್ಯ ಕಂಡದ್ದು ತೀರ್ಪುಗಾರರಿಗೆ. ಅಲ್ಲಿ ಇದ್ದದ್ದು ಏನೆಂದು ಆ ಮಗುವಿಗೆ ಗೊತ್ತಾಗಿತ್ತು.

ಪ್ರವಾದಿಯವರ (ಸ) ಒಂದು ಪ್ರಸಂಗ ನಿಮಗೆಲ್ಲ ಗೊತ್ತಿದೆ. ಪ್ರಯಾಣದಲ್ಲಿದ್ದಾಗ ಜೊತೆಗಾರರು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿಯವರು, ಮರಿಗಳ ವಿಷಯದಲ್ಲಿ ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿ ಕೊಡುವಂತೆ ಆಜ್ಞಾಪಿಸಿದರು. ಬಾಲ್ಯದಿಂದ ಎಷ್ಟೋ ಸಲ ಕೇಳಿದ್ದ ಹದೀಸ್ ಅದು. ಅದೂ ಸಫರ್‌ನಲ್ಲಿ ನಡೆದದ್ದು ಎಂಬುದು ಅಂದು ರಾತ್ರಿ ಮೊದಲ ಸಲ ನನ್ನ ಗಮನಕ್ಕೆ ಬಂತು. ಮರುದಿನ ಚಿತ್ರವನ್ನು ಗೋಡೆಯಿಂದ ಇಳಿಸಿದೆ.

ಎಣಿಕೆ ಹೇಳುವುದೇನು?

ಒಂದು ಬೆಳಗಿನ ಬೇಟೆ ತಪ್ಪಿದರೆ ಏನು ಮಹಾ ಎಂದು ಯಾರಾದರೂ ಕೇಳಬಹುದು. ನಾನೂ ನನ್ನನ್ನು ಹಾಗೆಯೇ ಸಮಾಧಾನಪಡಿಸಿಕೊಂಡಿದ್ದೆ. ಮಸಾಯಿ ಮಾರಾದ ಚೀತಾಗಳನ್ನು ಅಧ್ಯಯನ ಮಾಡಿದ ಫೆಮ್ಕೆ ಬ್ರೂಕ್‌ಹೈಸ್ ಎಂಬ ವಿಜ್ಞಾನಿಯ ಸಂಶೋಧನೆ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರು ಕಡಿಮೆ ಇರುವ ಭಾಗಗಳಲ್ಲಿ ಒಂದು ತಾಯಿ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಸ್ವತಂತ್ರ ವಯಸ್ಸಿನವರೆಗೆ ಬೆಳೆಸುತ್ತಿತ್ತು. ಪ್ರವಾಸಿಗರು ಹೆಚ್ಚಿರುವ ಭಾಗಗಳಲ್ಲಿ ಆ ಸಂಖ್ಯೆ 0.2. ಅಂದರೆ ಐದು ತಾಯಂದಿರು ಸೇರಿ ಒಂದು ಮರಿ. ವಾಹನ ಹರಿದು ಮರಿ ಸತ್ತಿತು ಎಂಬಂಥ ನೇರ ಕಾರಣಗಳಲ್ಲ ಇವು. ಬೇಟೆ ತಪ್ಪುವುದು, ಸಿಕ್ಕಿದ ಬೇಟೆಯನ್ನು ಬಿಟ್ಟು ಸರಿಯುವುದು, ನೆಮ್ಮದಿ ಕೆಡುವುದು, ಇವೆಲ್ಲ ಸೇರಿಕೊಂಡಿರಬಹುದು ಎಂದು ಅವರು ವಿವರಿಸುತ್ತಾರೆ.

ಚೀತಾ ಹಗಲಿನಲ್ಲಿ ಬೇಟೆಯಾಡುವುದೇ ಸಿಂಹ ಮತ್ತು ಕತ್ತೆಕಿರುಬಗಳ ಕಣ್ಣು ತಪ್ಪಿಸುವುದಕ್ಕೆ. ಆ ಹಗಲಿನಲ್ಲಿ ನಾವು ಹೋಗಿ ನಿಲ್ಲುತ್ತೇವೆ. ಇದಕ್ಕಾಗಿಯೇ ಮಾರಾದಲ್ಲಿ ನಿಯಮಗಳಿವೆ. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನ ಇರಬಾರದು. 25 ಮೀಟರ್‌ಗಿಂತ ಹತ್ತಿರ ಹೋಗಬಾರದು. ಉಳಿದವರು ದೂರ ನಿಂತು ಸರದಿ ಕಾಯಬೇಕು. ನಿಯಮ ಮುರಿಯುವವರು ಚಾಲಕರು ಎಂದು ನಾವು ದೂರುತ್ತೇವೆ. ಹಿಂದಿನ ಸೀಟಿನಲ್ಲಿ ನೋಟು ಹಿಡಿದು ಕುಳಿತವರು ಯಾರು?

ಎರಡನೆಯ ಪ್ರಯಾಣ

2023ರ ಫೆಬ್ರವರಿಯಲ್ಲಿ ಮತ್ತೆ ಹೋದೆ. ಈ ಸಲ ರಕ್ಷಿತಾರಣ್ಯಕ್ಕೆ ತಾಗಿಕೊಂಡ ಒಂದು ಕನ್ಸರ್ವೆನ್ಸಿಯಲ್ಲಿ ಉಳಿದುಕೊಂಡೆ. ಮಸಾಯಿ ಕುಟುಂಬಗಳು ತಮ್ಮ ಸ್ವಂತ ಭೂಮಿಯನ್ನು ವನ್ಯಜೀವಿಗಳಿಗಾಗಿ ಬಿಟ್ಟುಕೊಟ್ಟು, ಪ್ರವಾಸೋದ್ಯಮದಿಂದ ಪ್ರತಿ ತಿಂಗಳು ಬಾಡಿಗೆ ಪಡೆಯುವ ವ್ಯವಸ್ಥೆ ಅದು. ಅಲ್ಲಿ ವಾಹನಗಳ ಸಂಖ್ಯೆಗೆ ಮಿತಿಯಿದೆ. ಮೊಂಬಾಸಾದ ಆ ಚಾಲಕರನ್ನು ಹುಡುಕಿಸಿದೆ. ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದಾರೆ ಎಂದು ತಿಳಿಯಿತು. ಕ್ಷಮೆ ಕೇಳುವ ಅವಕಾಶ ಸಿಗಲಿಲ್ಲ.

ಮೂರನೆಯ ದಿನ ಒಂದು ತಾಯಿ ಚೀತಾ, ಎರಡು ಮರಿಗಳು ಮರದ ನೆರಳಿನಲ್ಲಿ ಸಿಕ್ಕವು. ನೂರು ಮೀಟರ್ ದೂರದಲ್ಲಿ ಎಂಜಿನ್ ಬಂದ್ ಮಾಡಿಸಿದೆ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದೂವರೆಯವರೆಗೆ ಏನೂ ನಡೆಯಲಿಲ್ಲ. ತಾಯಿ ನಿದ್ದೆ ಮಾಡಿತು, ಎದ್ದು ಮೈಮುರಿಯಿತು, ಮತ್ತೆ ಮಲಗಿತು. ಮರಿಗಳು ತಾಯಿಯ ಬಾಲ ಕಚ್ಚಿದವು. ಗಾಡಿಯ ನೆರಳಿನಲ್ಲಿ ಲುಹರ್ ನಮಾಜು ಮಾಡಲು ಕೆಳಗಿಳಿಯುವಂತಿರಲಿಲ್ಲ, ಸೀಟಿನಲ್ಲೇ ಕುಳಿತು ಮುಗಿಸಿದೆ. ಮೋಡ ಕವಿಯಿತು. ಆಗ ತಾಯಿ ಎದ್ದು ನಡೆಯಿತು, ನಮ್ಮಿಂದ ದೂರದ ದಿಕ್ಕಿಗೆ. ಚಾಲಕ ನನ್ನ ಮುಖ ನೋಡಿದ. ‘ಇಲ್ಲೇ ಇರೋಣ’ ಎಂದೆ.

ಓಟ ನಡೆದದ್ದು ನಾಲ್ಕುನೂರು ಮೀಟರ್ ಆಚೆ. ಬೈನಾಕ್ಯುಲರ್‌ನಲ್ಲಿ ಧೂಳಿನ ಒಂದು ಗೆರೆ ಕಂಡಿತು, ತಿರುಗಿತು, ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಆ ಚಿಲಿಪಿಲಿ ಕರೆ ಗಾಳಿಯಲ್ಲಿ ತೇಲಿ ಬಂತು. ಮರಿಗಳು ಕಿವಿ ನಿಮಿರಿಸಿ, ನಮ್ಮ ಗಾಡಿಯ ಮುಂದಿನಿಂದಲೇ ಹಾದು, ತಾಯಿಯ ಕಡೆಗೆ ಓಡಿದವು. ಆಗ ಒಂದೇ ಒಂದು ಚಿತ್ರ ತೆಗೆದೆ. ಈಗ ಪರದೆಯ ಮೇಲೆ ಇದೆ ನೋಡಿ. ದೊಡ್ಡ ಆಕಾಶ, ದೊಡ್ಡ ಬಯಲು. ಎರಡು ಸಣ್ಣ ಚುಕ್ಕೆಗಳು ಮರಿಗಳು. ಆಚೆ ಇರುವ ಚುಕ್ಕೆ ತಾಯಿ. ಯಾವ ಸ್ಪರ್ಧೆಗೂ ಇದನ್ನು ಕಳುಹಿಸುವಂತಿಲ್ಲ. ನಮ್ಮ ಹಜಾರದ ಗೋಡೆಯ ಮೇಲೆ ಈಗ ಇರುವುದು ಇದೇ. ಮಗಳಿಗೂ ಇದೇ ಇಷ್ಟ.

ಇಬ್ನುಲ್ ಹೈಸಮ್ ಹೇಳಿದ್ದು ನನಗೆ ಆಗ ಅರ್ಥವಾಯಿತು. ನೋಡುವುದೆಂದರೆ ನಾವು ಹೋಗಿ ಹಿಡಿದು ತರುವುದಲ್ಲ, ಬಂದ ಬೆಳಕನ್ನು ಪಡೆಯುವುದು.

ವಿದ್ಯಾರ್ಥಿಗಳಿಗೆ ಎರಡು ಮಾತು

ಪ್ರೀತಿಯ ಮಕ್ಕಳೇ, ಇದನ್ನೆಲ್ಲ ಕೇಳಿ ಆಫ್ರಿಕಕ್ಕೆ ಹೋಗುವುದು ಹಣವಿದ್ದವರ ಹವ್ಯಾಸ ಎಂದು ನಿಮಗೆ ಅನಿಸಿದರೆ ತಪ್ಪಲ್ಲ. ಆದ್ದರಿಂದ ಹಣವಿಲ್ಲದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ರಿಚರ್ಡ್ ತುರೆರೆ ಎಂಬ ಮಸಾಯಿ ಬಾಲಕ ಮನೆಯ ದನಗಳನ್ನು ಕಾಯುತ್ತಿದ್ದ. ರಾತ್ರಿ ಸಿಂಹಗಳು ಬಂದು ದನ ಕೊಲ್ಲುತ್ತಿದ್ದವು, ಸಿಟ್ಟಿನಲ್ಲಿ ಜನ ಸಿಂಹಗಳನ್ನು ಕೊಲ್ಲುತ್ತಿದ್ದರು. ಟಾರ್ಚ್ ಹಿಡಿದು ಕೊಟ್ಟಿಗೆಯ ಸುತ್ತ ನಡೆದಾಡಿದ ರಾತ್ರಿ ಸಿಂಹ ಬರುವುದಿಲ್ಲ, ಅದು ಚಲಿಸುವ ಬೆಳಕಿಗೆ ಹೆದರುತ್ತದೆ ಎಂದು ಅವನು ಗಮನಿಸಿದ. ಹಳೆಯ ಕಾರಿನ ಬ್ಯಾಟರಿ, ಮೋಟಾರ್ ಸೈಕಲ್ಲಿನ ಇಂಡಿಕೇಟರ್ ಪೆಟ್ಟಿಗೆ, ಮುರಿದ ಟಾರ್ಚಿನ ಬಲ್ಬುಗಳು, ಒಂದು ಸೌರಫಲಕ ಇಷ್ಟನ್ನೇ ಜೋಡಿಸಿ ಬೇಲಿಯ ಮೇಲೆ ಮಿನುಗುವ ದೀಪಗಳ ಸಾಲು ಮಾಡಿದ. ಸಿಂಹಗಳು ಬರುವುದನ್ನು ನಿಲ್ಲಿಸಿದವು. ದನಗಳೂ ಉಳಿದವು, ಸಿಂಹಗಳೂ ಉಳಿದವು. ಆಗ ಅವನಿಗೆ ಹನ್ನೊಂದು ವರ್ಷ. 2013ರಲ್ಲಿ ಅಮೆರಿಕದ ವೇದಿಕೆಯಲ್ಲಿ ನಿಂತು ಇದನ್ನು ಜಗತ್ತಿಗೆ ವಿವರಿಸಿದ. ಅವನ ಬಳಿ ಕ್ಯಾಮೆರಾ ಇರಲಿಲ್ಲ. ಗಮನವಿಟ್ಟು ನೋಡುವ ಕಣ್ಣಿತ್ತು.

ನಮ್ಮ ದೇಶದಲ್ಲೂ ಅಂಥ ಕಣ್ಣುಗಳಿದ್ದವು. ಡಾ. ಸಲೀಂ ಅಲಿ ಬಾಲಕನಾಗಿದ್ದಾಗ ಆಟಿಕೆ ಕೋವಿಯಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕತ್ತಿನ ಮೇಲಿನ ಹಳದಿ ಮಚ್ಚೆಯನ್ನು ಕಂಡು ಕುತೂಹಲದಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಂಡುಹೋದರು. ಆ ಬಾಗಿಲಿನಿಂದ ಒಳಗೆ ಹೋದವರು ಭಾರತದ ಹಕ್ಕಿಗಳ ಮಹಾನ್ ವಿಜ್ಞಾನಿಯಾದರು. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು. ತಪ್ಪಿನಿಂದ ಆರಂಭಿಸಿದವರೂ ಒಳ್ಳೆಯ ಕಡೆಗೆ ಬರಬಹುದು ಎಂಬುದಕ್ಕೆ ನನಗೆ ಅವರಿಂದ ಧೈರ್ಯ ಸಿಗುತ್ತದೆ.

ನೀವು ನಿಮ್ಮ ಮೊಬೈಲ್‌ನಿಂದಲೇ ಆರಂಭಿಸಿ. ಹಿತ್ತಲಿನ ಅಳಿಲು, ಮಸೀದಿಯ ಹೌಳಿನ ಬಳಿ ನೀರು ಕುಡಿಯಲು ಬರುವ ಮೈನಾ, ಗದ್ದೆಯ ಬೆಳ್ಳಕ್ಕಿ ಸಾಕು. ಗೂಡಿನ ಹತ್ತಿರ ಹೋಗಬೇಡಿ. ಮರಿಗಳಿರುವಲ್ಲಿ ಫ್ಲ್ಯಾಶ್ ಹಾಕಬೇಡಿ. ಚಿತ್ರಕ್ಕಾಗಿ ಕಲ್ಲೆಸೆದು ಹಕ್ಕಿಯನ್ನು ಹಾರಿಸಬೇಡಿ. ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳಲು ಕಲಿಯಿರಿ. ನೀವು ಬಂದದ್ದೂ ಹೋದದ್ದೂ ಆ ಪ್ರಾಣಿಗೆ ತಿಳಿಯದಂತೆ ಚಿತ್ರ ತೆಗೆದರೆ, ಅದು ಮಸುಕಾಗಿದ್ದರೂ ಒಳ್ಳೆಯ ಚಿತ್ರವೇ.

ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಈ ಭಾಷಣವನ್ನು ವಾರ್ಷಿಕ ಸಂಚಿಕೆಯಲ್ಲಿ ಪ್ರಕಟಿಸುವುದಾದರೆ ಅದರ ಜೊತೆ ಮುಖಪುಟದ ಆ ಚಿತ್ರ ಬೇಡ. ಚುಕ್ಕೆಗಳ ಚಿತ್ರ ಹಾಕಿ. ಅಚ್ಚಿನಲ್ಲಿ ಏನೂ ಕಾಣಿಸದಿರಬಹುದು, ಪರವಾಗಿಲ್ಲ.

 ಅವಸರವಿಲ್ಲದ, ಬರಕತ್ ಇರುವ ವಿದ್ಯೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್. ವಸ್ಸಲಾಮ್.